ಅಣಬೆ ಚೀಲದ ತ್ಯಾಜ್ಯ, ಅಪ್ಪನ ಮೆಣಸಿನ ಹೊಲ

ಎರಡು ವರ್ಷದ ಹಿಂದಿನ ಸೆಪ್ಟೆಂಬರ್‌ನ ಒಂದು ಭಾನುವಾರ. ಪುಣೆಯಿಂದ ಮುಳಶಿ ಕಡೆ ಹೋಗುವ ರಸ್ತೆಯಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಅಣಬೆ ಶೆಡ್ ಇದೆ. ವಿಜಯಪುರದವರು. ಹಿಂಜವಡಿಯ ಕೆಲಸ ಬಿಟ್ಟು ಚಿಪ್ಪು ಅಣಬೆ ಬೆಳೆಯುತ್ತಿದ್ದಾರೆ. ಶೆಡ್ಡಿನ ಒಳಗೆ ಎಲ್ಲವೂ ಅಚ್ಚುಕಟ್ಟು. ಹಿಂದೆ ಹೋಗಿ ನೋಡಿದರೆ ಮಾತ್ರ ಬೇರೆ ಚಿತ್ರ. ಬೆಳೆ ಮುಗಿದ ಪ್ಲಾಸ್ಟಿಕ್ ಚೀಲಗಳ ಗುಡ್ಡೆ, ಮಳೆಗೆ ತೊಯ್ದು ಕಪ್ಪಾದ ಹೊಟ್ಟು, ಸುತ್ತ ಸಣ್ಣ ನೊಣಗಳು.

"ಇದನ್ನ ಏನ್ ಮಾಡ್ತೀರಿ?" ಅಂದೆ.

"ಟೆಂಪೋದವಗ ರೊಕ್ಕ ಕೊಟ್ಟು ಕಳಸ್ತೀನಿ ಸರ. ನಿಮಗ ಬೇಕಂದ್ರ ಪುಕ್ಕಟ ಒಯ್ಯರಿ."

ಪುಕ್ಕಟೆ ಅಂದರೆ ನಮ್ಮಂಥ ಅಪಾರ್ಟ್‌ಮೆಂಟ್ ತೋಟಗಾರರಿಗೆ ಕಿವಿ ನೆಟ್ಟಗಾಗುತ್ತದೆ. 6 ಚೀಲ ಕಾರಿನ ಡಿಕ್ಕಿಗೆ ಹಾಕಿಕೊಂಡು ವಾಕಡ್‌ನ ಮನೆಗೆ ಬಂದೆ. ಆದರೆ ನಿಜ ಹೇಳಬೇಕೆಂದರೆ ನನ್ನ ತಲೆಯಲ್ಲಿದ್ದದ್ದು ಬಾಲ್ಕನಿಯ ಟೊಮೆಟೊ ಗಿಡವಲ್ಲ, ಬ್ಯಾಡಗಿ ಹತ್ತಿರದ ಅಪ್ಪನ ಮೆಣಸಿನಕಾಯಿ ಹೊಲ. ಅಲ್ಲಿ ನನ್ನದೊಂದು ಸಾಲ ತೀರಿಸುವುದು ಬಾಕಿ ಇತ್ತು.

4 ಸಾವಿರ ರೂಪಾಯಿಯ ಪುಡಿ

ಅದಕ್ಕೂ ಹಿಂದಿನ ವರ್ಷ ಅಪ್ಪ ಫೋನಿನಲ್ಲಿ ಡಿಎಪಿ ಗೊಬ್ಬರದ ಬಗ್ಗೆ ಗೊಣಗುತ್ತಿದ್ದರು. ವರ್ಷ ವರ್ಷಕ್ಕೂ ಚೀಲ ಹೆಚ್ಚು ಬೇಕು, ಗಿಡ ಮಾತ್ರ ಮೊದಲಿನ ಹಾಗೆ ಏಳುವುದಿಲ್ಲ. ನಾನು ರಾತ್ರಿಯೆಲ್ಲ ಕೂತು ಓದಿದೆ. ಬೇರಿನ ಜೊತೆ ಬದುಕುವ ಒಂದು ಶಿಲೀಂಧ್ರ ಇದೆ, ಹೆಸರು ಮೈಕೋರೈಜಾ, ನಮ್ಮ ಕಡೆ ಗೊಬ್ಬರದಂಗಡಿಯಲ್ಲಿ 'ವ್ಯಾಮ್' ಅನ್ನುತ್ತಾರೆ. ಮಣ್ಣಿನಲ್ಲಿ ಸಿಕ್ಕಿಬಿದ್ದ ರಂಜಕವನ್ನು ಗಿಡಕ್ಕೆ ತಂದುಕೊಡುತ್ತದಂತೆ. ಇನ್ನೇನು ಬೇಕು? ಆನ್‌ಲೈನ್‌ನಲ್ಲಿ 4 ಸಾವಿರ ರೂಪಾಯಿಯ ಪ್ಯಾಕೆಟ್ ತರಿಸಿ ಊರಿಗೆ ಕಳಿಸಿದೆ. "ಅಪ್ಪಾ, ಈ ಸಲ ನೋಡು" ಅಂತ ಜಂಬ ಬೇರೆ.

ಅಪ್ಪ ಹೇಳಿದ ಹಾಗೇ ಹಾಕಿದರು. ಜೊತೆಗೆ ಎಂದಿನಂತೆ ಡಿಎಪಿ ಹಾಕಿದರು, ಸಸಿ ಮಡಿಗೆ ಎಂದಿನಂತೆ ಶಿಲೀಂಧ್ರನಾಶಕವನ್ನೂ ಸುರಿದರು. ಪ್ಯಾಕೆಟ್ಟು ಎರಡು ವಾರ ತಗಡಿನ ಶೆಡ್ಡಿನಲ್ಲಿ ಬಿಸಿಲಿಗೆ ಕಾದಿತ್ತು ಅಂತ ನನಗೆ ಆಮೇಲೆ ಗೊತ್ತಾಯಿತು. ಜನವರಿಯಲ್ಲಿ ಕಾಯಿ ಬಿಡಿಸುವಾಗ ಯಾವ ಸಾಲಿಗೆ ಪುಡಿ ಹಾಕಿದ್ದು, ಯಾವುದಕ್ಕೆ ಇಲ್ಲ ಅಂತ ಹೇಳಲಾಗದಷ್ಟು ಎಲ್ಲ ಒಂದೇ. ಅಪ್ಪ ಬೈಯಲಿಲ್ಲ. "ಇರ್ಲಿ ಬಿಡೋ ತಮ್ಮಾ" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಹಾಗಾಗಿ ಮುಳಶಿಯ ಗುಡ್ಡೆ ಕಂಡಾಗ ತಲೆಯಲ್ಲಿ ಒಂದು ಸುಲಭದ ಸಮೀಕರಣ ಹೊಳೆಯಿತು. ಅಣಬೆಯೂ ಶಿಲೀಂಧ್ರ, ಬೇರಿನದೂ ಶಿಲೀಂಧ್ರ. ಅಣಬೆಯ ತ್ಯಾಜ್ಯ ಹಾಕಿದರೆ ಬೇರಿನ ಶಿಲೀಂಧ್ರ ತಾನಾಗಿ ಬರುತ್ತದೆ! ಇದು ಪೂರ್ತಿ ತಪ್ಪು. ಆದರೆ ಇದೇ ತಪ್ಪನ್ನು ನಾನು ಬೇರೆಯವರ ಬಾಯಲ್ಲೂ ಕೇಳಿದ್ದೇನೆ, ಅದಕ್ಕೇ ಈ ಲೇಖನ.

ಬಾಲ್ಕನಿಯಲ್ಲಿ ಕಲಿತ ಪಾಠ

ತಂದ ವಾರವೇ ಚೀಲ ಬಿಚ್ಚಿ ಹಸಿ ಹೊಟ್ಟನ್ನು ಟೊಮೆಟೊ, ತುಳಸಿ ಕುಂಡಗಳಿಗೆ ಧಾರಾಳವಾಗಿ ಬೆರೆಸಿದೆ. ಎರಡು ವಾರಕ್ಕೆ ಎಲೆ ಹಳದಿಯಾದವು. ಮನೆಯೊಳಗೆ ನೊಣ. ಉಳಿದ ಚೀಲಗಳಲ್ಲಿ ಮತ್ತೆ ಅಣಬೆ ಅರಳಿ ಬೀಜಕಣ ಉದುರಿಸಿ ಹೆಂಡತಿಗೆ ಕೆಮ್ಮು. ಚಿಪ್ಪು ಅಣಬೆಯ ಬೀಜಕಣ ಕೆಲವರಿಗೆ ಅಲರ್ಜಿ ತರುತ್ತದೆ, ಚೀಲ ಬಿಚ್ಚುವಾಗ ಮಾಸ್ಕ್ ಹಾಕಬೇಕು ಅನ್ನುವುದು ನನಗೆ ಗೊತ್ತಿರಲಿಲ್ಲ. "ತುಳಸಿ ಹೋದರೆ ಅತ್ತೆಗೆ ನೀವೇ ಉತ್ತರ ಕೊಡಿ" ಅಂತ ಅವಳು ಹೇಳಿ ಮುಗಿಸಿದಳು.

ಎಲೆ ಹಳದಿಯಾಗಲು ಕಾರಣ ಸರಳ. ಚಿಪ್ಪು ಅಣಬೆ ಬೆಳೆಯುವುದು ಭತ್ತದ ಹುಲ್ಲು, ಗೋಧಿ ಹೊಟ್ಟು, ನಮ್ಮ ಪುಣೆ ಕಡೆ ಸೋಯಾ ಹೊಟ್ಟಿನ ಮೇಲೆ. ಎರಡು ಮೂರು ಬೆಳೆ ತೆಗೆದ ಮೇಲೂ ಅದರಲ್ಲಿ ಇಂಗಾಲ ಬಹಳ, ಸಾರಜನಕ ಕಡಿಮೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಸಾರಜನಕ ಬೇಕು, ಸುತ್ತಲಿನ ಮಣ್ಣಿನಿಂದ ಎಳೆದುಕೊಳ್ಳುತ್ತವೆ, ಗಿಡ ಉಪವಾಸ ಬೀಳುತ್ತದೆ. ಕೊಳೆತು ಮಾಗಿದ ಮೇಲೆ ಅದೇ ವಸ್ತು ಒಳ್ಳೆಯ ಗೊಬ್ಬರ.

ನಾವು ಪನೀರ್ ಜೊತೆ ಪಲ್ಯ ಮಾಡುವ ಬಿಳಿ ಬಟನ್ ಅಣಬೆಯ ಕತೆ ಬೇರೆ. ಅದಕ್ಕೆ ಗೋಧಿ ಹೊಟ್ಟು, ಕೋಳಿ ಗೊಬ್ಬರ, ಜಿಪ್ಸಂ ಸೇರಿಸಿ ಮೊದಲೇ ಕೊಳೆಸಿದ ಕಾಂಪೋಸ್ಟ್ ಬೇಕು. ಒಂದು ಕಿಲೋ ಬಟನ್ ಅಣಬೆ ಬೆಳೆದರೆ ಸುಮಾರು 5 ಕಿಲೋ ತ್ಯಾಜ್ಯ ಉಳಿಯುತ್ತದೆ ಅನ್ನುವುದು ಈ ಉದ್ಯಮದ ಸಾಮಾನ್ಯ ಲೆಕ್ಕ. ಅದರಲ್ಲಿ ಪೋಷಕಾಂಶವೂ ಹೆಚ್ಚು, ಉಪ್ಪಿನಂಶವೂ ಹೆಚ್ಚು. ಬಯಲಲ್ಲಿ ಮಳೆಗೆ ತೊಳೆದು ಕೆಲವು ತಿಂಗಳು ಮಾಗಿದ ಮೇಲಷ್ಟೇ ಎಳೆ ಸಸಿಗಳ ಹತ್ತಿರ ತರಬೇಕು.

ಎರಡು ಶಿಲೀಂಧ್ರ, ಎರಡು ಬದುಕು

ಚಿಪ್ಪು ಅಣಬೆ ಸತ್ತ ಹುಲ್ಲು, ಕಟ್ಟಿಗೆ ತಿಂದು ಬದುಕುತ್ತದೆ. ಮರದ ಗಟ್ಟಿತನಕ್ಕೆ ಕಾರಣವಾದ ಲಿಗ್ನಿನ್ ಅನ್ನೂ ಅದು ಒಡೆಯಬಲ್ಲದು. ಬೆಳೆಗಳ ಬೇರಿನೊಳಗಿರುವ ಮೈಕೋರೈಜಾಕ್ಕೆ ಆ ಶಕ್ತಿ ಇಲ್ಲ. ಅದಕ್ಕೆ ಬದುಕಿರುವ ಬೇರೇ ಬೇಕು. ಗಿಡ ಬಿಸಿಲಲ್ಲಿ ತಯಾರಿಸಿದ ಸಕ್ಕರೆ, ಕೊಬ್ಬಿನ ಒಂದು ಪಾಲನ್ನು ಇದಕ್ಕೆ ಕೊಡುತ್ತದೆ. ಬದಲಿಗೆ ಇದು ಬೇರಿನ ರೋಮಕ್ಕಿಂತಲೂ ತೆಳುವಾದ ಎಳೆಗಳನ್ನು ಮಣ್ಣಿನಲ್ಲಿ ದೂರ ಚಾಚಿ ರಂಜಕ, ಸತು, ಸ್ವಲ್ಪ ನೀರನ್ನೂ ತಂದುಕೊಡುತ್ತದೆ. ರಂಜಕ ಮಣ್ಣಿನಲ್ಲಿ ಓಡಾಡುವ ವಸ್ತುವಲ್ಲ. ಕಪ್ಪು ಮಣ್ಣಿನಲ್ಲಿ ಸುಣ್ಣದ ಜೊತೆ, ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಜೊತೆ ಅಂಟಿಕೊಂಡು ಕೂರುತ್ತದೆ. ಬೇರು ತನ್ನ ಪಕ್ಕದ್ದನ್ನು ಮುಗಿಸಿದ ಮೇಲೆ ಆಚೆಯದನ್ನು ತರಲು ಈ ಎಳೆಗಳೇ ಬೇಕು. ಈ ಒಡನಾಟ 40 ಕೋಟಿ ವರ್ಷಕ್ಕೂ ಹಳೆಯದು, ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಸಿಕ್ಕ ಪಳೆಯುಳಿಕೆ ಗಿಡಗಳಲ್ಲೇ ಇದರ ಗುರುತಿದೆ.

'ಮೈಕೋರೈಜಾ' ಎಂಬ ಹೆಸರು ಹುಟ್ಟಿದ್ದು 1885ರಲ್ಲಿ, ಜರ್ಮನಿಯ ಎ.ಬಿ. ಫ್ರಾಂಕ್ ಎಂಬ ವಿಜ್ಞಾನಿಯಿಂದ. ಗ್ರೀಕ್‌ನಲ್ಲಿ ಶಿಲೀಂಧ್ರ-ಬೇರು ಎಂದರ್ಥ. ತಮಾಷೆ ಎಂದರೆ ಫ್ರಾಂಕ್‌ಗೆ ವಹಿಸಿದ್ದ ಕೆಲಸ ಟ್ರಫಲ್ ಎಂಬ ತಿನ್ನುವ ಅಣಬೆಯನ್ನು ಬೆಳೆಸುವ ದಾರಿ ಹುಡುಕುವುದು. ಟ್ರಫಲ್ ಮರದ ಬೇರಿನ ಜೊತೆ ಬದುಕುವ ಜಾತಿ. ಅದನ್ನು ನೋಡುತ್ತಾ ಹೋಗಿ ಅವರು ಬೇರಿನ ಈ ಸಂಸಾರವನ್ನು ಕಂಡರು. ನಮ್ಮ ಚಿಪ್ಪು ಅಣಬೆ, ಬಟನ್ ಅಣಬೆಗಳು ಆ ಜಾತಿಯಲ್ಲ.

ಅಂದರೆ ಅಣಬೆ ತ್ಯಾಜ್ಯದಲ್ಲಿ ಮೈಕೋರೈಜಾದ ಬೀಜ ಇರುವುದಿಲ್ಲ. ಆ ತ್ಯಾಜ್ಯ ಬೀಜವಲ್ಲ, ಬೀಜಕ್ಕೆ ಒದಗಿಸುವ ನೆಲ.

ಖಾನಾವಳಿ ಲೆಕ್ಕ

ನನ್ನ 4 ಸಾವಿರದ ಪುಡಿ ಯಾಕೆ ಸೋತಿತು? ದೀಪಾವಳಿಗೆ ಊರಿಗೆ ಹೋದಾಗ ಅಪ್ಪನಿಗೆ ವಿವರಿಸಿದೆ. ಮಣ್ಣಿನಲ್ಲಿ ರಂಜಕ ಕೈಗೆ ಸಿಗುವಷ್ಟಿದ್ದರೆ ಗಿಡ ಈ ಶಿಲೀಂಧ್ರವನ್ನು ಹತ್ತಿರ ಸೇರಿಸುವುದು ಕಡಿಮೆ ಮಾಡುತ್ತದೆ, ಅದಕ್ಕೆ ಸಕ್ಕರೆ ಕೊಡುವುದು ದಂಡ. ಅಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಒಂದೇ ಮಾತಲ್ಲಿ ಮುಗಿಸಿದರು: "ಮನ್ಯಾಗ ಊಟ ಐತಿ ಅಂದ್ರ ಖಾನಾವಳಿಗೆ ರೊಕ್ಕ ಕೊಟ್ಟು ಯಾರು ಉಣ್ತಾರೋ?"

ನನ್ನ ಅರ್ಧ ಗಂಟೆಯ ಭಾಷಣಕ್ಕಿಂತ ಇದು ಮೇಲು.

ಎರಡನೆಯದು ಶಿಲೀಂಧ್ರನಾಶಕ. ಪ್ರಯೋಗಗಳಲ್ಲಿ ಮೈಕೋರೈಜಾವನ್ನು ಅಡಗಿಸಲೆಂದೇ ವಿಜ್ಞಾನಿಗಳು ಬೆನೋಮಿಲ್ ಎಂಬ ಔಷಧ ಬಳಸುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಕಾರ್ಬೆಂಡಜಿಮ್ ಅದೇ ಕುಟುಂಬದ್ದು. ಹಾಗಂತ ಸಸಿ ಕೊಳೆ ರೋಗ ಬಂದಾಗ ಕೈಕಟ್ಟಿ ಕೂರಿ ಎನ್ನುತ್ತಿಲ್ಲ. ಒಂದು ಕೈಯಲ್ಲಿ ಶಿಲೀಂಧ್ರ ಹಾಕಿ ಇನ್ನೊಂದು ಕೈಯಲ್ಲಿ ಅದರ ಔಷಧ ಸುರಿದರೆ ದುಡ್ಡು ದಂಡ ಎನ್ನುತ್ತಿದ್ದೇನೆ ಅಷ್ಟೇ.

ಇದೇ ಔಷಧ ಅಣಬೆ ಚೀಲದಲ್ಲೂ ಎದುರಾಗಬಹುದು ಎಂದು ತಿಳಿದಾಗ ಬೆಚ್ಚಿದೆ. ಚಿಪ್ಪು ಅಣಬೆಗೆ ಹೊಟ್ಟನ್ನು ಶುದ್ಧ ಮಾಡಲು ಎರಡು ದಾರಿ ಚಾಲ್ತಿಯಲ್ಲಿವೆ. ಒಂದು, ಬಿಸಿ ನೀರು ಅಥವಾ ಹಬೆ. ಇನ್ನೊಂದು, 100 ಲೀಟರ್ ನೀರಿಗೆ 7.5 ಗ್ರಾಂ ಕಾರ್ಬೆಂಡಜಿಮ್, 125 ಮಿಲಿ ಫಾರ್ಮಾಲಿನ್ ಹಾಕಿ ರಾತ್ರಿಯಿಡೀ ನೆನೆಸುವುದು. ಎರಡನೆಯ ರೀತಿಯ ತ್ಯಾಜ್ಯವನ್ನು ಬೇರು ಶಿಲೀಂಧ್ರ ಬೆಳೆಸಲು ಬಳಸಿದರೆ ಔಷಧದ ಉಳಿಕೆಯ ಅನುಮಾನ ಇದ್ದೇ ಇರುತ್ತದೆ. ಮುಳಶಿಯ ಗೆಳೆಯರಿಗೆ ಫೋನ್ ಮಾಡಿದೆ. "ನಮ್ದು ಹಬೆ ಸರ, ಔಷಧ ಇಲ್ಲ" ಅಂದರು. ನೀವೂ ಯಾರಿಂದಲಾದರೂ ತ್ಯಾಜ್ಯ ತರುವುದಾದರೆ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಹಾಗಾದರೆ ತ್ಯಾಜ್ಯದಿಂದ ಏನು ಲಾಭ?

ಲಾಭ ಇದೆ. ಮೈಕೋರೈಜಾ ಹೊಟ್ಟನ್ನು ತಾನೇ ಒಡೆಯಲಾರದು ಎಂದೆ. ಆದರೆ ಬೇರೆ ಜೀವಿಗಳು ಕೊಳೆಸುತ್ತಿರುವ ಜಾಗಕ್ಕೆ ಅದರ ಎಳೆಗಳು ನುಗ್ಗುತ್ತವೆ. 2001ರಲ್ಲಿ ಇಂಗ್ಲೆಂಡಿನ ಯಾರ್ಕ್‌ನ ಆಂಜೆಲಾ ಹಾಜ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಇದನ್ನು ತೋರಿಸಿದರು. ಕೊಳೆಯುತ್ತಿರುವ ಹುಲ್ಲೆಲೆಯ ತುಣುಕಿನಲ್ಲಿ ಎಳೆಗಳು ಹಬ್ಬಿ ಸಾರಜನಕ ಹೀರಿ ಗಿಡಕ್ಕೆ ತಂದವು, ಎಲೆ ಕೊಳೆಯುವ ವೇಗವೂ ಹೆಚ್ಚಿತು. ಇದರ ಜೊತೆ ಮಾಗಿದ ಅಣಬೆ ಗೊಬ್ಬರ ಮಣ್ಣನ್ನು ಹಗುರ ಮಾಡುತ್ತದೆ, ತೇವ ಹಿಡಿಯುತ್ತದೆ. ಬೇರಿಗೂ ಎಳೆಗೂ ಓಡಾಡಲು ದಾರಿ.

ಆದರೆ ಹಿತಮಿತ. ಅತಿಯಾಗಿ ಹಾಕಿದರೆ ಅದರಲ್ಲಿನ ರಂಜಕವೇ ಮತ್ತೆ 'ಮನೆಯ ಊಟ' ಆಗಿಬಿಡುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಅಲ್ಲಿನ ಕೃಷಿ ಇಲಾಖೆಯ ವಿಜ್ಞಾನಿ ಡೇವಿಡ್ ಡೌಡ್ಸ್ ಮತ್ತು ರೊಡೇಲ್ ಸಂಸ್ಥೆಯವರು ರೈತರೇ ಹೊಲದಲ್ಲಿ ಮೈಕೋರೈಜಾ ತಯಾರಿಸುವ ವಿಧಾನ ರೂಪಿಸಿದಾಗ ಇದನ್ನೇ ಗಮನಿಸಿದ್ದರು. ಅವರು ಚೀಲಗಳಿಗೆ ಬರೀ ಕಾಂಪೋಸ್ಟ್ ತುಂಬಲಿಲ್ಲ. ಒಂದು ಪಾಲು ಕಾಂಪೋಸ್ಟಿಗೆ ಹಲವು ಪಾಲು ವರ್ಮಿಕ್ಯುಲೈಟ್ ಬೆರೆಸಿ ಸಪ್ಪೆ ಮಾಡಿ, ಅದರಲ್ಲಿ ಹುಲ್ಲಿನ ಸಸಿ ನೆಟ್ಟು ಶಿಲೀಂಧ್ರವನ್ನು ಬೆಳೆಸಿದರು. ಚಳಿಗಾಲದ ಹಿಮಕ್ಕೆ ಹುಲ್ಲು ಸಾಯುತ್ತದೆ, ವಸಂತಕ್ಕೆ ಚೀಲದ ಮಣ್ಣೇ ಬೀಜ.

ಇದನ್ನೇ ನಮ್ಮ ಬಾಲ್ಕನಿಗೆ ಹೊಂದಿಸಿಕೊಂಡೆ.

ವಾಕಡ್‌ನಲ್ಲಿ ಗೋವಿನಜೋಳ

ಅಕ್ಟೋಬರ್‌ನಲ್ಲಿ ಮುಳಶಿಯಿಂದ ಮತ್ತೆ ಚೀಲ ತಂದೆ. ಪ್ಲಾಸ್ಟಿಕ್ ತೆಗೆದು ಹೊಟ್ಟನ್ನು ಪುಡಿ ಮಾಡಿ, ಸ್ವಲ್ಪ ಸೆಗಣಿ ಗೊಬ್ಬರ ಸೇರಿಸಿ, ತೂತಿನ ಡ್ರಮ್ಮಿನಲ್ಲಿ ಮೂರು ತಿಂಗಳು ಬಿಟ್ಟೆ. ವಾರಕ್ಕೊಮ್ಮೆ ತಿರುವಿದೆ. ಜನವರಿ ಹೊತ್ತಿಗೆ ಅಣಬೆ ವಾಸನೆ ಹೋಗಿ ಮಳೆ ಬಿದ್ದ ಮಣ್ಣಿನ ವಾಸನೆ ಬಂತು.

ಸಂಕ್ರಾಂತಿಗೆ ಊರಿಗೆ ಹೋದಾಗ ಅಪ್ಪನ ಹೊಲದ ಬದುವಿನಿಂದ, ವರ್ಷವೆಲ್ಲ ಹುಲ್ಲು ನಿಲ್ಲುವ ಜಾಗದಿಂದ, ಬೇರು ಸಮೇತ ಒಂದು ಬಕೆಟ್ ಮಣ್ಣು ತಂದೆ. ಉತ್ತು ಗೊಬ್ಬರ ಹಾಕಿದ ನೆಲಕ್ಕಿಂತ ಇಂಥ ಜಾಗದಲ್ಲಿ ಬೇರು ಶಿಲೀಂಧ್ರ ಚೆನ್ನಾಗಿ ಉಳಿದಿರುತ್ತದೆ. ಮೆಣಸಿನ ಗಿಡ ಸೊರಗಿ ಸಾಯುವ ಜಾಗದ ಮಣ್ಣು ಮಾತ್ರ ತರಬಾರದು, ರೋಗವೂ ಜೊತೆಗೆ ಬರುತ್ತದೆ. ಬೇರೆಯವರ ಊರಿನ ಮಣ್ಣೂ ಬೇಡ.

8 ಗ್ರೋ ಬ್ಯಾಗ್. ಒಂದು ಪಾಲು ಮಾಗಿದ ಅಣಬೆ ಗೊಬ್ಬರ, ನಾಲ್ಕು ಪಾಲು ತೊಳೆದ ಮರಳು ಮತ್ತು ವರ್ಮಿಕ್ಯುಲೈಟ್, ನಡುವೆ ಬದುವಿನ ಮಣ್ಣಿನ ಒಂದು ಪದರ. ಅದರ ಮೇಲೆ ಗೋವಿನಜೋಳ ಬಿತ್ತಿದೆ. ರಂಜಕದ ಗೊಬ್ಬರ ಏನೂ ಇಲ್ಲ. ಮೂರು ತಿಂಗಳು ನೀರು ಹಾಕಿದೆ. ಸೊಸೈಟಿಯ ವಾಚ್‌ಮನ್ ಕಾಕಾ ಮರಾಠಿಯಲ್ಲಿ ತೆನೆ ಯಾವಾಗ ಸುಡುತ್ತೀರಿ ಅಂತ ದಿನಾ ಕೇಳುತ್ತಿದ್ದರು. ತೆನೆ ಹೆಬ್ಬೆರಳಷ್ಟೂ ಆಗಲಿಲ್ಲ. ಏಪ್ರಿಲ್ ಕೊನೆಗೆ ನೀರು ನಿಲ್ಲಿಸಿ, ಹತ್ತು ದಿನ ಒಣಗಿಸಿ, ಗಿಡ ಬುಡಕ್ಕೆ ಕತ್ತರಿಸಿ, ಬೇರುಗಳನ್ನು ಚೂರು ಮಾಡಿ ಅದೇ ಮಿಶ್ರಣಕ್ಕೆ ಕಲಸಿದೆ. ಬೀಜ ತಯಾರು.

ಆದರೆ ಒಳಗೆ ಶಿಲೀಂಧ್ರ ಇದೆ ಅಂತ ಹೇಗೆ ಗೊತ್ತು? ಬರಿಗಣ್ಣಿಗೆ ಕಾಣುವುದಿಲ್ಲ. ಇಲ್ಲಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವ ಧಾರವಾಡದ ಮೇಡಂ ಒಬ್ಬರು ರಾಜ್ಯೋತ್ಸವ ಕಾರ್ಯಕ್ರಮದಲ್ಲಿ ಪರಿಚಯವಾಗಿದ್ದರು. ಕತ್ತರಿಸುವ ಮೊದಲೇ ಅವರಿಗೆ ಕೆಲವು ಬೇರು ಕೊಟ್ಟಿದ್ದೆ. ಅವರು ಕ್ಷಾರದಲ್ಲಿ ಬೇಯಿಸಿ ಬೇರನ್ನು ಪಾರದರ್ಶಕ ಮಾಡಿ, ಪೆನ್ನಿನ ಶಾಯಿ ಮತ್ತು ವಿನೆಗರ್‌ನಲ್ಲಿ ಬಣ್ಣ ಕಟ್ಟಿ, ಸೂಕ್ಷ್ಮದರ್ಶಕದಡಿ ತೋರಿಸಿದರು. ಬೇರಿನ ಜೀವಕೋಶದೊಳಗೆ ನೀಲಿ ಬಣ್ಣದ ಪುಟ್ಟ ಪೊದೆಗಳು, ಅಲ್ಲಲ್ಲಿ ಗುಳ್ಳೆಗಳು. ಫೋಟೊ ತೆಗೆದು ಅಪ್ಪನಿಗೆ ವಾಟ್ಸಾಪ್ ಮಾಡಿದೆ.

"ಇದು ನಮ್ಮ ಬದುವಿನ ಮಣ್ಣಿಂದ ಬಂದದ್ದಾ?"

"ಹೌದಪ್ಪಾ."

"ಹಂಗಾರ ಮೊದಲಿಂದ ನಮ್ಮಲ್ಲೇ ಇತ್ತು. ಹೋದ ವರ್ಷ ರೊಕ್ಕ ಕೊಟ್ಟು ತರಿಸಿದೆಲ್ಲೋ!"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಸಸಿ ಮಡಿಯಲ್ಲೇ ಯಾಕೆ?

500 ಕಿಲೋಮೀಟರ್ ದೂರಕ್ಕೆ ಗೊಬ್ಬರ ಹೊರುವುದು ಹುಚ್ಚು ಅಂತ ನಿಮಗೆ ಅನ್ನಿಸಬಹುದು. ಇಡೀ ಹೊಲಕ್ಕಾದರೆ ಹುಚ್ಚೇ. ಆದರೆ ಮೆಣಸಿನಕಾಯಿ ಸಸಿ ಮಾಡಿ ನೆಡುವ ಬೆಳೆ. ಮಡಿಯಲ್ಲೇ ಬೇರಿಗೆ ಶಿಲೀಂಧ್ರ ಹತ್ತಿದರೆ ಹೊಲಕ್ಕೆ ಹೋಗುವಾಗ ಸಸಿಯೇ ಹೊತ್ತೊಯ್ಯುತ್ತದೆ. ಎಕರೆಗೆ ಬೇಕಾದ ಸಸಿ ಬೆಳೆಯುವುದು ಪುಟ್ಟ ಮಡಿಯಲ್ಲಿ, ಅದಕ್ಕೆ ಕಾರಿನ ಡಿಕ್ಕಿಯಷ್ಟು ಸಾಕು.

ಇದು ನನ್ನ ಬುದ್ಧಿಯಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮಜೀವಿ ವಿಜ್ಞಾನಿಯಾಗಿದ್ದ ಡಿ.ಜೆ. ಬಾಗ್ಯರಾಜ್ ಮತ್ತು ಶ್ರೀರಾಮುಲು ಅವರು 1982ರಲ್ಲೇ ಮೆಣಸಿನಕಾಯಿಯ ಮೇಲೆ ಪ್ರಬಂಧ ಪ್ರಕಟಿಸಿದ್ದರು. ನಾಟಿಗೆ ಮೊದಲೇ ಮೈಕೋರೈಜಾ ಹತ್ತಿಸಿದ ಸಸಿಗಳು ಹೊಲದಲ್ಲಿ ಚೆನ್ನಾಗಿ ಬೆಳೆದು ಹೆಚ್ಚು ಇಳುವರಿ ಕೊಟ್ಟವು, ರಂಜಕದ ಗೊಬ್ಬರವೂ ಉಳಿಯಿತು. ನಾನು ಹುಟ್ಟುವ ಮುಂಚಿನ ಕೆಲಸ. ನಮ್ಮ ರಾಜ್ಯದ್ದೇ, ನಮ್ಮ ಬೆಳೆಯದ್ದೇ. ಮೆಣಸಿನಕಾಯಿ ಊರಿನಲ್ಲಿ ಬೆಳೆದ ನನಗೆ ಇದು ತಿಳಿದದ್ದು ಪುಣೆಯ ಫ್ಲ್ಯಾಟಿನಲ್ಲಿ ಕೂತು.

ಮೇ ತಿಂಗಳ ರಜೆಗೆ ಸಾತಾರಾ, ಕೊಲ್ಹಾಪುರ, ಬೆಳಗಾವಿ ದಾಟಿ ಊರು ಮುಟ್ಟಿದೆವು. ಅಪ್ಪ ಮಡಿಯಲ್ಲಿ ಗೆರೆ ಎಳೆದರು, ಬೀಜದ ಕೆಳಗೆ ನನ್ನ ಮಿಶ್ರಣದ ತೆಳು ಪದರ ಬಿದ್ದಿತು. ಒಂದು ಮಡಿಯನ್ನು ಹಾಗೇ ಬಿಟ್ಟರು. "ಎಲ್ಲಾ ನಿನ್ನ ಮಾತು ಕೇಳಿ ಹಾಳಾಗೂದು ಬ್ಯಾಡ" ಅನ್ನುವುದು ಅವರ ವಿವರಣೆ. ಪ್ರಯೋಗ ಎಂದರೆ ಇದೇ.

ಜುಲೈನಲ್ಲಿ ನಾಟಿ ಆಯಿತು. ಮೈಕೋರೈಜಾ ಸಸಿಯ ಕೆಲವು ಸಾಲಿಗೆ ಅಪ್ಪ ಡಿಎಪಿ ಅರ್ಧಕ್ಕೆ ಇಳಿಸಿದರು. ಈ ವರ್ಷದ ಆರಂಭದಲ್ಲಿ ಕಾಯಿ ಬಿಡಿಸಿ ತೂಗಿದಾಗ ಆ ಸಾಲುಗಳು ಪೂರ್ತಿ ಡಿಎಪಿ ಕಂಡ ಸಾಲುಗಳಿಗಿಂತ ಹಿಂದೆ ಬಿದ್ದಿರಲಿಲ್ಲ.

ಗೆದ್ದೆ ಅಂತ ಹೇಳಬಹುದಿತ್ತು. ಆದರೆ ದಿನವಿಡೀ ಸಾಫ್ಟ್‌ವೇರ್ ಪರೀಕ್ಷಿಸುವವನಿಗೆ ಒಂದು ತೂತು ಕಂಡಿತು. ಶಿಲೀಂಧ್ರ ಇಲ್ಲದ ಸಸಿಗೆ ಅರ್ಧ ಡಿಎಪಿ ಹಾಕಿದ ಸಾಲು ನಮ್ಮಲ್ಲಿ ಇರಲೇ ಇಲ್ಲ! ವರ್ಷಗಟ್ಟಲೆ ಹಾಕಿದ ರಂಜಕ ಮಣ್ಣಿನಲ್ಲೇ ಕೂಡಿಕೊಂಡಿದ್ದರೆ, ಶಿಲೀಂಧ್ರ ಇಲ್ಲದಿದ್ದರೂ ಅರ್ಧ ಡಿಎಪಿ ಸಾಕಾಗುತ್ತಿತ್ತೇನೋ. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿದಾಗ ವರದಿಯಲ್ಲಿ ರಂಜಕ 'ಹೆಚ್ಚು' ಎಂದೇ ಬಂತು. ಮೊದಲೇ ಮಾಡಿಸಬೇಕಿದ್ದ ಕೆಲಸ. ಈ ಸಲ ಆ ಸಾಲೂ ಇರುತ್ತದೆ. ಒಂದು ಹೊಲದ ಒಂದು ವರ್ಷವನ್ನು ಪುರಾವೆ ಎನ್ನಲಾರೆ. ಒಂದಿಷ್ಟು ಡಿಎಪಿ ಉಳಿಯಿತು, ಅಪ್ಪನಿಗೆ ಕುತೂಹಲ ಹುಟ್ಟಿತು. ಇಷ್ಟು ಮಾತ್ರ ನಿಜ.

ನಿಮ್ಮ ಊರಿನ ಹೊಲಕ್ಕೆ

ನಮ್ಮಲ್ಲಿ ಬಹಳ ಜನರಿಗೆ ಊರಲ್ಲಿ ಒಂದಿಷ್ಟು ನೆಲ ಇದೆ, ನೋಡಿಕೊಳ್ಳುವ ಅಪ್ಪನೋ ಅಣ್ಣನೋ ಇದ್ದಾರೆ. ಅವರಿಗೆ ಪ್ಯಾಕೆಟ್ ಕಳಿಸುವ ಮುಂಚೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ರಂಜಕ ಹೆಚ್ಚಿದ್ದರೆ ಗೊಬ್ಬರ ತಗ್ಗಿಸುವುದೇ ಮೊದಲ ಕೆಲಸ, ಬದುವಿನ ಶಿಲೀಂಧ್ರ ತಾನಾಗಿ ಮರಳಲು ಅದೇ ದಾರಿ. ಬೆಳೆ ಯಾವುದು ನೋಡಿ. ಮೆಣಸಿನಕಾಯಿ, ಈರುಳ್ಳಿ, ಜೋಳ, ರಾಗಿ, ತೊಗರಿ, ಟೊಮೆಟೊ ಬೇರುಗಳು ಈ ಶಿಲೀಂಧ್ರವನ್ನು ಸೇರಿಸುತ್ತವೆ. ಎಲೆಕೋಸು, ಸಾಸಿವೆ, ಮೂಲಂಗಿ, ಪಾಲಕ್ ಸೇರಿಸುವುದಿಲ್ಲ, ಅವಕ್ಕೆ ಹಾಕಿದರೆ ದಂಡ. ನೆಲವನ್ನು ತಿಂಗಳುಗಟ್ಟಲೆ ಬರಿದು ಬಿಡಬೇಡಿ, ಬೇರಿಲ್ಲದ ನೆಲದಲ್ಲಿ ಶಿಲೀಂಧ್ರ ಕಡಿಮೆಯಾಗುತ್ತಾ ಹೋಗುತ್ತದೆ. ಅಕ್ಕಡಿ ಸಾಲು ಇದಕ್ಕೂ ಒಳ್ಳೆಯದು. ರಾಗಿ ಮತ್ತು ತೊಗರಿಯನ್ನು ಜೊತೆಗೆ ಬೆಳೆದು ಬೇರು ಶಿಲೀಂಧ್ರ ಸೇರಿಸುವ ಪ್ರಯೋಗಗಳನ್ನು ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳ ಜೊತೆ ಸೇರಿ ಬೆಂಗಳೂರಿನಲ್ಲೂ ತಮಿಳುನಾಡಿನ ಕೊಲ್ಲಿಮಲೆಯಲ್ಲೂ ನಡೆಸಿದ್ದಾರೆ. ನಮ್ಮ ಅಜ್ಜಂದಿರ ಅಕ್ಕಡಿಗೆ ಈಗ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಜಾಗ ಸಿಕ್ಕಿದೆ.

ಹತ್ತಿರದಲ್ಲಿ ಅಣಬೆ ಬೆಳೆಯುವವರಿದ್ದರೆ ಹೊಟ್ಟು ಶುದ್ಧಿಗೆ ಹಬೆಯೋ ಔಷಧವೋ ಕೇಳಿ, ಮೂರು ತಿಂಗಳು ಮಾಗಿಸಿ, ಮಿತವಾಗಿ ಬಳಸಿ. ಅಣಬೆಯನ್ನೇ ಬೆಳೆಯುವ ಆಸೆಯಿದ್ದರೆ ಪುಣೆಯವರಿಗೆ ಶಿವಾಜಿನಗರದ ಕೃಷಿ ಕಾಲೇಜು, ಬೆಂಗಳೂರಿನವರಿಗೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಇದೆ. ಎರಡೂ ಕಡೆ ಅಣಬೆಯ ಮೇಲೆ ಕೆಲಸ ನಡೆಯುತ್ತದೆ.

ಮುಳಶಿಯ ಗೆಳೆಯರು ಈಗ ಗುಡ್ಡೆಯಲ್ಲಿ ಪ್ಲಾಸ್ಟಿಕ್ ಬೇರೆ, ಹೊಟ್ಟು ಬೇರೆ ಮಾಡಿ ಇಡುತ್ತಿದ್ದಾರೆ. ಪಕ್ಕದ ರೈತರೊಬ್ಬರು ಒಯ್ಯಲು ಶುರು ಮಾಡಿದ್ದಾರಂತೆ, ಟೆಂಪೋ ಖರ್ಚು ಅರ್ಧ ಉಳಿದಿದೆ. ನಮ್ಮ ತುಳಸಿ ಚಿಗುರಿದೆ. ಅಪ್ಪ ಮೊನ್ನೆ ಫೋನಿನಲ್ಲಿ ಡಿಎಪಿ ಬಗ್ಗೆ ಏನೂ ಹೇಳಲಿಲ್ಲ. "ಸಂಕ್ರಾಂತಿಗೆ ಬರುವಾಗ ಬಕೆಟ್ ತಗೊಂಡು ಬಾ, ಈ ಸಲ ಹುಣಸಿಮರದ ಬುಡದ ಮಣ್ಣು ಒಯ್ಯಿ" ಅಂದರು. ಬಕೆಟ್ ತೊಳೆದು ಇಟ್ಟಿದ್ದೇನೆ.